ಏಕಾದಶಿಯ ದಿನ ಒಸಾಕಾ ದಾರಿಯಲ್ಲಿ

ಮೊನ್ನೆ ನೀವಿಬ್ಬರೂ ಕಂಪ್ಯೂಟರಿನ ಮುಂದೆ ಕೂತು ಜಗಳವಾಡುತ್ತಿದ್ದಿರಿ. ಚೆನ್ನೈಯಿಂದ ಒಸಾಕಾಕ್ಕೆ ಆರು ಸಾವಿರ ಕಿಲೋಮೀಟರ್ ಎಂದು ಅಕ್ಕ, ಇಲ್ಲ, ಎಂಟು ಸಾವಿರದ ಹತ್ತಿರ ಎಂದು ತಮ್ಮ. ಇಬ್ಬರೂ ಸರಿ. ಹಕ್ಕಿಯ ಹಾಗೆ ನೆಟ್ಟಗೆ ಹಾರಿದರೆ ಆರು ಸಾವಿರ, ಸಿಂಗಪುರದಲ್ಲಿ ಇಳಿದು ಬೇರೆ ವಿಮಾನ ಹತ್ತಿದರೆ ಎಂಟು ಸಾವಿರ. ನೆಟ್ಟಗೆ ಹೋಗುವ ವಿಮಾನ ನಾನು ಹೋದಾಗ ಇರಲಿಲ್ಲ. ಅಡುಗೆಮನೆಯಿಂದಲೇ ಇದನ್ನು ಕೂಗಿ ಹೇಳಬಹುದಿತ್ತು. ಹೇಳಲಿಲ್ಲ. ಮಾತು ನನಗೆ ಮೊದಲಿನಿಂದಲೂ ಕಷ್ಟ. ಹಳ್ಳಿಯ ಶಾಲೆಯಲ್ಲಿ ಮೇಷ್ಟರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಜಡೆಯ ತುದಿ ಕಚ್ಚಿಕೊಂಡು ನಿಲ್ಲುತ್ತಿದ್ದವಳು ನಾನು. ಸ್ಲೇಟು ಕೊಟ್ಟರೆ ಬರೆಯುತ್ತಿದ್ದೆ. ಈಗಲೂ ಹಾಗೆಯೇ. ನಿಮ್ಮ ಅಮ್ಮ ಇದನ್ನು ಓದಿ ಹೇಳುತ್ತಾಳೆ, ನೀವು ತಮಿಳಿನಲ್ಲಿ ನಕ್ಕರೂ ಸರಿ, ಇಂಗ್ಲಿಷಿನಲ್ಲಿ ನಕ್ಕರೂ ಸರಿ.

ಕೀಲ್ಪಾಕಿನ ದೊಡ್ಡಜ್ಜನ ಮನೆಯಲ್ಲಿ ಇವತ್ತಿಗೂ ಮದುವೆ ಮುಂಜಿಗಳಲ್ಲಿ ನನ್ನ ಪ್ರಯಾಣದ ಮಾತು ಬರುತ್ತದೆ. "ಪಾಪ, ನಾವೇ ಧೈರ್ಯ ಹೇಳಿ ಕಳಿಸಿಕೊಟ್ವಿ" ಅನ್ನುತ್ತಾರೆ. ನಾನು ಅಲ್ಲೇ ಎಲೆ ಹಾಕುತ್ತಲೋ ನೀರು ಬಡಿಸುತ್ತಲೋ ಇರುತ್ತೇನೆ, ಸುಮ್ಮನಿರುತ್ತೇನೆ. ಆದರೆ ನಿಮಗೆ ಅದೇ ಕಥೆ ಉಳಿಯಬಾರದು.

ನಿಮ್ಮ ಅಜ್ಜ ಪೆರಂಬೂರಿನ ರೈಲ್ವೆ ಕಾರ್ಖಾನೆಯಲ್ಲಿದ್ದರು. ಅವರು ಹೋದ ಮೇಲೆ ಕ್ವಾರ್ಟರ್ಸು ಬಿಡಬೇಕಾಯಿತು. ನಾನೂ ನಿಮ್ಮ ಅಮ್ಮನೂ ಅವರ ಅಣ್ಣನ ಮನೆಗೆ ಬಂದೆವು. ಅವರೇ ನಿಮ್ಮ ದೊಡ್ಡಜ್ಜ, ನನಗೆ ಭಾವ; ಅವರ ಹೆಂಡತಿಯನ್ನು ಅಕ್ಕ ಎನ್ನುತ್ತಿದ್ದೆ. ಭಾವ ಸರ್ಕಾರಿ ಕಚೇರಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಕೆಟ್ಟವರಲ್ಲ. ನಿಮ್ಮ ಅಮ್ಮನನ್ನು ಓದಿಸಿದರು, ಮದುವೆಯಲ್ಲಿ ತಂದೆಯ ಜಾಗದಲ್ಲಿ ನಿಂತರು. ನಾನು ಮಡಿಯಲ್ಲಿ ದೇವರ ಅಡುಗೆ ಮಾಡಿದೆ, ದಿನವೂ, ವರ್ಷಗಟ್ಟಲೆ. ಅವರ ಎದುರಿಗೆ ಬಂದು ಮಾತಾಡುವುದು ಆ ಮನೆಯ ರೂಢಿಯಲ್ಲ. ಅವರು "ಅವಳಿಗೆ ಹೇಳು, ಸಾರಿಗೆ ಉಪ್ಪು ಕಮ್ಮಿ" ಎಂದು ಅಕ್ಕನಿಗೆ ಹೇಳುವರು, ನಾನು ಬಾಗಿಲ ಹಿಂದೆ ಎರಡು ಮಾರು ದೂರದಲ್ಲಿ ನಿಂತು ಕೇಳಿಸಿಕೊಂಡಿದ್ದರೂ, ಅಕ್ಕ ಒಳಗೆ ಬಂದು ಅದನ್ನೇ ಇನ್ನೊಮ್ಮೆ ಹೇಳುವಳು. ನನ್ನ ಉತ್ತರವೂ ಅದೇ ದಾರಿಯಲ್ಲಿ ಹಿಂದಕ್ಕೆ ಹೋಗುತ್ತಿತ್ತು.

ನಿಮ್ಮ ಅಪ್ಪನಿಗೆ ಒಸಾಕಾದ ಒಂದು ಯಂತ್ರದ ಕಾರ್ಖಾನೆಯಲ್ಲಿ ಕೆಲಸವಾಗಿ, ನಿಮ್ಮ ಅಮ್ಮ ಮದುವೆಯಾದ ವರ್ಷವೇ ಅಲ್ಲಿಗೆ ಹೋದಳು. ಅಲ್ಲಿ ಮೊದಲ ಬಸಿರು ಮೂರನೆಯ ತಿಂಗಳಲ್ಲೇ ಹೋಯಿತು. ಅಳಿಯಂದಿರು ಕೆಲಸಕ್ಕೆ ಹೋಗಿದ್ದಾಗ, ಭಾಷೆ ಬಾರದ ಊರಿನಲ್ಲಿ, ಒಬ್ಬಳೇ ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ ಹೋದಳಂತೆ. ಈ ಸುದ್ದಿ ನನಗೆ ಬಂದದ್ದು ಎಲ್ಲ ಮುಗಿದು ವಾರವಾದ ಮೇಲೆ. ಅವತ್ತು ನಾನು ಹುಳಿಗೆ ಬೇಳೆ ಹಾಕುವುದನ್ನೇ ಮರೆತೆ. ಯಾರೂ ಏನೂ ಅನ್ನಲಿಲ್ಲ.

ಎರಡನೆಯ ಸಲ ಬಸಿರಾದಾಗ ಏಳನೆಯ ತಿಂಗಳಿಗೆ ಇಲ್ಲಿಗೆ ಕರೆತರುವುದೆಂದು ತೀರ್ಮಾನವಾಗಿತ್ತು. ಅಷ್ಟರಲ್ಲಿ ಅಲ್ಲಿನ ಡಾಕ್ಟರು ವಿಮಾನ ಹತ್ತುವ ಹಾಗಿಲ್ಲ, ಮಲಗಿಯೇ ಇರಬೇಕು ಎಂದುಬಿಟ್ಟರು. ಭಾನುವಾರ ಫೋನು ಬಂತು. ಫೋನಿದ್ದದ್ದು ಹಾಲಿನಲ್ಲಿ, ಭಾವನವರ ಕುರ್ಚಿಯ ಪಕ್ಕದಲ್ಲಿ. ಎಲ್ಲರೂ ಮಾತಾಡಿ ನನ್ನ ಕೈಗೆ ಕೊಟ್ಟರು.

"ಅಮ್ಮಾ, ನೀನೇ ಬರ್ತೀಯಾ?" ಅಂದಳು.

"ಬರ್ತೀನಿ" ಅಂದೆ.

ಭಾವ ಪೇಪರಿನಿಂದ ತಲೆ ಎತ್ತಿ ಅಕ್ಕನ ಕಡೆ ನೋಡಿದರು.

ಮಾರನೆಯ ದಿನದಿಂದ ಶುರುವಾಯಿತು. ಮೊದಲು ಅಕ್ಕ. "ಸೀಮಂತದಲ್ಲೇ ನೀನು ಮುಂದೆ ನಿಲ್ಲೋ ಹಾಗಿಲ್ಲ, ಹೆರಿಗೆ ಹೊತ್ತಲ್ಲಿ ಹೋಗಿ ನಿಂತ್ಕೋತೀಯಾ? ನಾನು ಕೆಟ್ಟದ್ದಕ್ಕೆ ಹೇಳ್ತಿಲ್ಲ ಕಣೇ. ಮುತ್ತೈದೆ ಯಾರಾದ್ರೂ ಹೋದ್ರೆ ನಲ್ಲದು, ಒಳ್ಳೇದು."

"ಯಾರು ಹೋಗ್ತಾರಕ್ಕಾ?"

"ಯಾರಾದ್ರೂ."

"ನೀವು ಹೋಗ್ತೀರಾ?"

ಅಕ್ಕನಿಗೆ ಮೊಣಕಾಲು ನೋವು, ಜೊತೆಗೆ ಲಿಫ್ಟು ಕಂಡರೆ ಭಯ. "ಅಯ್ಯೋ ನಾನಾ? ಆ ಊರಲ್ಲಿ ಭೂಮಿ ನಡುಗತ್ತಂತೆ" ಎಂದು ಎದ್ದುಹೋದಳು. ಭೂಮಿ ನಡುಗುವ ಊರಿನಲ್ಲಿ ನನ್ನ ಮಗಳು ಮಲಗಿದ್ದಾಳೆ ಎಂದು ನಾನು ಆಗ ಅನ್ನಬೇಕಿತ್ತು. ಹೊಳೆಯಲಿಲ್ಲ.

ಆಮೇಲೆ ಇಂಗ್ಲಿಷು ಬಾರದು ಎಂದರು, ಚಳಿ ಎಂದರು, ಮೀನಿನ ವಾಸನೆ ಎಂದರು. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಪೆರಂಬೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ತಮಿಳು ಮಾಮಿಯನ್ನು ಕರೆದುಕೊಂಡು ಹೋಗಿ ವೀಸಾಕ್ಕೆ ಅರ್ಜಿ ಕೊಟ್ಟು ಬಂದೆ. ಮಾಮಿಯ ಗಂಡ ರೈಲ್ವೆ ಗಾರ್ಡ್ ಆಗಿದ್ದವರು, ಮಾಮಿ ಯಾವ ಕಚೇರಿಯ ಕಿಟಕಿಗೂ ಹೆದರುವವಳಲ್ಲ. ಅಲ್ಲಿ ಕೂತಿದ್ದ ಹುಡುಗಿ ಏನೋ ಕೇಳಿದರೆ ನಾನು ನೆಲ ನೋಡುತ್ತಿದ್ದೆ, ಮಾಮಿ ನನ್ನ ಬೆನ್ನಿಗೆ ಬೆರಳಿನಿಂದ ತಿವಿದು, "ತಲೆ ಎತ್ತುಡೀ! ಕದ್ದ ಮಾಲು ಹೊತ್ಕೊಂಡು ಹೋಗ್ತಿದೀಯಾ? ಮಗಳ ಮನೆಗೆ ತಾನೇ ಹೋಗ್ತಿರೋದು!" ಎಂದಳು.

ವೀಸಾ ಬಂತು. ಅಳಿಯಂದಿರು ಟಿಕೆಟ್ಟು ತೆಗೆದರು. ಹೊರಡುವ ದಿನವೇ ಏಕಾದಶಿ.

ಏಕಾದಶಿ ಎಂದರೆ ನಮ್ಮಲ್ಲಿ ಹಸಿವು ತಡೆಯುವುದಷ್ಟೇ ಅಲ್ಲ, ನೀವು ನೋಡಿದ್ದೀರಿ. ನಾನು ನೀರೂ ಮುಟ್ಟುವುದಿಲ್ಲ. ಮಾರನೆಯ ದಿನ ದ್ವಾದಶಿ, ಸೂರ್ಯ ಹುಟ್ಟಿದ ಮೇಲೆ ತುಳಸಿ, ತೀರ್ಥ ತೆಗೆದುಕೊಂಡು ಊಟ ಮಾಡಬೇಕು. ಅದಕ್ಕೆ ಪಾರಣೆ ಎನ್ನುತ್ತೇವೆ. ಪಾರಣೆಯಾದರೇ ಉಪವಾಸ ಪೂರ್ತಿಯಾದಂತೆ. ಕೆಲವು ಸಲ ದ್ವಾದಶಿ ತಿಥಿ ಸೂರ್ಯ ಹುಟ್ಟಿ ಸ್ವಲ್ಪ ಹೊತ್ತಿಗೇ ಮುಗಿದುಹೋಗುತ್ತದೆ. ಅದು ಸಾಧನೆ ದ್ವಾದಶಿ. ಅಂಥ ದಿನ ನಾಲ್ಕು ಗಂಟೆಗೇ ಎದ್ದು, ಸ್ನಾನ, ಪೂಜೆ, ಅಡುಗೆ ಎಲ್ಲ ಮುಗಿಸಿ, ಸೂರ್ಯ ಕಂಡ ಕೂಡಲೇ ಎಲೆಯ ಮುಂದೆ ಕೂರಬೇಕು. ನಾನು ವಿಮಾನ ಹತ್ತುವ ಏಕಾದಶಿಯ ಮಾರನೆಯ ದಿನ ಅಂಥದ್ದೇ.

ಭಾವ ಪಂಚಾಂಗ ತೊಡೆಯ ಮೇಲಿಟ್ಟುಕೊಂಡು ಅಕ್ಕನಿಗೆ ಹೇಳಿದರು: "ಕೇಳು ಅವಳನ್ನ. ಪಾರಣೆಗೆ ಇರೋದು ಆರೂ ಕಾಲಿಂದ ಅರ್ಧ ಗಂಟೆ. ಆ ಹೊತ್ತಿಗೆ ಸರಿಯಾಗಿ ಎರಡನೇ ಪ್ಲೇನಲ್ಲಿ ಬೆಲ್ಟ್ ಕಟ್ಕೊಂಡು ಕೂತಿರ್ತಾಳೆ. ಅಲ್ಲಿ ಯಾವನೋ ಏನೋ ತಿಂತಿರ್ತಾನೆ, ಇವಳು ಪಾರಣೆ ಮಾಡ್ತಾಳಾ? ಆ ಅರ್ಧ ಗಂಟೆಗೆ ಮುಂಚೆ ಮಾಡಿದ್ರೂ ಭಂಗ, ಆಮೇಲೆ ಮಾಡಿದ್ರೂ ಭಂಗ."

"ಆಕಾಶದಲ್ಲಿ ಅಗಸೆ ಸೊಪ್ಪು ಎಲ್ಲಿ ಸಿಗತ್ತೆ?" ಎಂದಳು ಅಕ್ಕ. ದ್ವಾದಶಿಗೆ ಅಗಸೆ ಸೊಪ್ಪಿನ ಪಲ್ಯ ಇಲ್ಲದೆ ಅವಳಿಗೆ ಊಟವೇ ಅಲ್ಲ.

"ಟಿಕೆಟ್ಟು ಮುಂದಕ್ಕೆ ಹಾಕ್ಸಲಿ. ಹತ್ತು ದಿವಸ ತಡವಾದ್ರೆ ಏನು ಮುಳುಗಿಹೋಗತ್ತೆ?" ಎಂದರು ಭಾವ.

ಹತ್ತು ದಿನ ಎಂದ ಕೂಡಲೇ ನನ್ನ ಕಣ್ಣ ಮುಂದೆ ಆ ಟ್ಯಾಕ್ಸಿ ಬಂತು. ಅದರ ಬಣ್ಣ ಯಾವುದೆಂದು ಕೂಡ ನನಗೆ ಗೊತ್ತಿಲ್ಲ, ಆದರೂ ಬಂತು. ನಾನು ಬಾಗಿಲ ಹಿಂದಿನಿಂದ ಈಚೆಗೆ ಬಂದೆ. ಹಾಲಿನ ನಡುವೆ, ಅವರ ಕುರ್ಚಿಯ ಎದುರಿಗೆ ನಿಂತೆ.

"ಭಾವ, ಭಂಗವಾದ್ರೆ ಆಗ್ಲಿ. ನಾನು ಅವತ್ತೇ ಹೋಗ್ತೀನಿ."

ಅವರು ನನ್ನನ್ನು ನೋಡಲಿಲ್ಲ. ಅಕ್ಕನನ್ನು ನೋಡಿ, "ಏನಂತೆ?" ಎಂದರು.

"ಭಂಗವಾದ್ರೆ ಆಗ್ಲಿ, ಅವತ್ತೇ ಹೋಗ್ತಾಳಂತೆ" ಎಂದಳು ಅಕ್ಕ.

"ವ್ರತಭಂಗ ಮಾಡ್ಕೊಂಡು ಬಂದವಳ ಕೈಲಿ ದೇವರ ಅಡುಗೆ ಹೇಗೆ ಮಾಡ್ಸೋದು ಅಂತ ಕೇಳು."

"ಬೇರೆ ಯಾರಾದ್ರೂ ಮಾಡ್ಲಿ" ಎಂದೆ.

ಆ ಮಾತನ್ನು ಮಾತ್ರ ಅವರು ಅಕ್ಕನ ಬಾಯಿಂದ ಕೇಳಲು ಕಾಯಲಿಲ್ಲ. ಪಂಚಾಂಗ ಮುಚ್ಚಿ ಎದ್ದುಹೋದರು.

ನಾನು ಗಂಟು ಕಟ್ಟತೊಡಗಿದೆ. ಬಾಣಂತಿ ಖಾರ, ಓಮ, ಬಜೆ, ಸಾಂಬ್ರಾಣಿ, ಮೆಂತ್ಯದ ಹಿಟ್ಟು. ಮಗುವಿಗೆ ಸುತ್ತಲು ನನ್ನ ಹಳೆಯ ವಾಯಿಲ್ ಸೀರೆಗಳನ್ನು ಒಗೆದು ಮಡಿಸಿಟ್ಟೆ. ಅದನ್ನು ಕಂಡು ಅಕ್ಕ ತನ್ನ ಎರಡು ಹಳೆಯ ಸೀರೆಗಳನ್ನು ತಂದು ಮೇಲೆ ಹಾಕಿದಳು. "ಇದರಲ್ಲಿ ಮಲಗಿಸು ಮಗೂನ. ನಿನ್ನದು ಬೇಡ." ಅದು ಪ್ರೀತಿಯೋ ಚುಚ್ಚುಮಾತೋ ಅವಳಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಅವಳದನ್ನೂ ಇಟ್ಟುಕೊಂಡೆ, ನನ್ನದನ್ನೂ ತೆಗೆಯಲಿಲ್ಲ.

ಏಕಾದಶಿಯ ದಿನ ಎಂದಿನಂತೆ ಮಾಡಿ ಮುಗಿಸಿ, ಒಂದು ಸಣ್ಣ ಗಿಂಡಿಯಲ್ಲಿ ನೀರು, ಡಬ್ಬಿಯಲ್ಲಿ ತುಳಸಿ, ಒಣಗಿಸಿದ ನೆಲ್ಲಿಕಾಯಿ, ಅರಳು, ಬೆಲ್ಲ ಇಟ್ಟುಕೊಂಡೆ. ಆ ಕಾಲದಲ್ಲಿ ವಿಮಾನಕ್ಕೆ ನೀರು ತರಬೇಡಿ ಎಂದು ಯಾರೂ ಅನ್ನುತ್ತಿರಲಿಲ್ಲ. ಮಾಮಿ ಟ್ಯಾಕ್ಸಿಯಲ್ಲಿ ಬಂದು ನನ್ನನ್ನು ಮೀನಂಬಾಕ್ಕಂಗೆ ಕರೆದುಕೊಂಡು ಹೋದಳು. ಭಾವ ಕೋಣೆಯಿಂದ ಹೊರಗೆ ಬರಲಿಲ್ಲ. ಮುಚ್ಚಿದ ಬಾಗಿಲಿಗೇ ನಮಸ್ಕಾರ ಮಾಡಿ ಹೊರಟೆ.

ವಿಮಾನದಲ್ಲಿ ನನ್ನ ಪಕ್ಕದವರೆಲ್ಲ ಉಂಡು ಮಲಗಿದರು. ಗಗನಸಖಿ ಮೂರು ಸಲ ನೀರು ತಂದಳು. ಪ್ರತಿ ಸಲವೂ ಲೋಟದ ಮೇಲೆ ಅಂಗೈ ಮುಚ್ಚಿ "ಏಕಾದಶಿ" ಎಂದೆ. ಮೂರನೆಯ ಸಲ ಅವಳೂ ನಕ್ಕು "ಏಕಾದಶಿ" ಎಂದಳು. ಅದು ಏನೆಂದು ತಿಳಿದುಕೊಂಡಳೋ, ನನ್ನ ಹೆಸರೆಂದೇ ಅಂದುಕೊಂಡಿರಬೇಕು.

ಸಿಂಗಪುರದಲ್ಲಿ ಇಳಿದಾಗ ಹೊರಗೆ ಇನ್ನೂ ಕತ್ತಲೆ. ಒಳಗೆ ಹಗಲಿನಂಥ ದೀಪ. ಎಲ್ಲಿ ನೋಡಿದರೂ ನೆಲಕ್ಕೆ ಜಮಖಾನ, ಯಾರೂ ಚಪ್ಪಲಿ ಬಿಡುವುದಿಲ್ಲ. ಅಳಿಯಂದಿರು ಹೇಳಿಕೊಟ್ಟಿದ್ದ ಬಾಗಿಲ ನಂಬರನ್ನು ಹುಡುಕಿಕೊಂಡು ಹೋಗಿ, ಗಾಜಿನ ಗೋಡೆಯ ಎದುರಿಗೆ ಒಂದು ಕುರ್ಚಿಯಲ್ಲಿ ಗಿಂಡಿ ಅಪ್ಪಿಕೊಂಡು ಕೂತೆ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು.

ಪಕ್ಕದಲ್ಲಿ ನನ್ನಷ್ಟೇ ವಯಸ್ಸಿನ ಒಬ್ಬ ಹೆಂಗಸು ಕೂತಿದ್ದರು. ಬಲಗಡೆ ಸೆರಗು, ಕೈತುಂಬ ಬಳೆ, ತೊಡೆಯ ಮೇಲೆ ಒಂದು ಸ್ಟೀಲು ಡಬ್ಬಿ. ನನ್ನನ್ನು ಮೇಲಿನಿಂದ ಕೆಳಗೆ ನೋಡಿ "ಮೆಡ್ರಾಸಾ?" ಎಂದರು. ಸೌಕಾರ್‌ಪೇಟೆಯ ಸೇಟಮ್ಮ. ಜೈನರು. ಅವರ ಮಗ ಒಸಾಕಾದ ಪಕ್ಕದ ಊರಿನಲ್ಲಿ ಮುತ್ತಿನ ವ್ಯಾಪಾರ ಮಾಡುತ್ತಿದ್ದನಂತೆ, ನನ್ನ ವಿಮಾನಕ್ಕೇ ಕಾಯುತ್ತಿದ್ದರು. ಅವರ ತಮಿಳು ನನ್ನ ತಮಿಳಿಗಿಂತ ಎಷ್ಟೋ ಚೆನ್ನಾಗಿತ್ತು. ನಿಮಗೆ ಅದನ್ನು ಕನ್ನಡದಲ್ಲೇ ಬರೆಯುತ್ತೇನೆ.

"ಏನೂ ತಿಂದಿಲ್ವಾ? ಮುಖ ನೋಡಿದ್ರೆ ಗೊತ್ತಾಗತ್ತೆ."

"ಉಪವಾಸ" ಎಂದೆ.

"ನಾನೂ ಅಷ್ಟೇ. ಸೂರ್ಯ ಬಂದು ಎರಡು ಗಳಿಗೆ ಆಗೋವರೆಗೂ ಬಾಯಿಗೆ ಹನಿ ನೀರಿಲ್ಲ. ಈ ಜನಾನ ನೋಡು, ಹೊತ್ತಿಲ್ಲ ಗೊತ್ತಿಲ್ಲ, ಹಸು ಮೆಲುಕು ಹಾಕಿದ ಹಾಗೆ!"

ಇಬ್ಬರೂ ಗಾಜಿನ ಕಡೆ ನೋಡುತ್ತ ಕೂತೆವು. ವಿಮಾನಗಳ ಬಾಲಗಳ ಹಿಂದೆ ಆಕಾಶ ಬೆಳ್ಳಗಾಯಿತು, ಕೆಂಪಾಯಿತು, ಸೂರ್ಯ ಬಂದೇಬಿಟ್ಟ. ನಾನು ಕೈಗಡಿಯಾರ ನೋಡಿದೆ. ಅದು ಇನ್ನೂ ಊರಿನ ಸಮಯವನ್ನೇ ತೋರಿಸುತ್ತಿತ್ತು. ನಾಲ್ಕೂ ಕಾಲು ದಾಟಿತ್ತು, ಅಷ್ಟೇ.

ಕೀಲ್ಪಾಕಿನಲ್ಲಿ ಈಗ ಕತ್ತಲೆ. ಭಾವ ಈಗಷ್ಟೇ ಎದ್ದು ಸ್ನಾನಕ್ಕೆ ನೀರು ತೋಡಿಕೊಳ್ಳುತ್ತಿರಬೇಕು. ಆರೂ ಕಾಲಿಗೆ ಮೊದಲು ಮಾಡಿದರೆ ಭಂಗ ಎಂದಿದ್ದಾರೆ. ಆದರೆ ಸೂರ್ಯ ಇಲ್ಲಿ, ನನ್ನ ಮುಖದ ಮೇಲೆ ಬಿದ್ದಿದ್ದಾನೆ.

"ಗಡಿಯಾರದಲ್ಲಿ ಏನು ನೋಡ್ತೀಯ?" ಎಂದರು ಸೇಟಮ್ಮ.

"ನಮ್ಮೂರಲ್ಲಿ ಇನ್ನೂ ಬೆಳಗಾಗಿಲ್ಲ."

"ನೀನು ನಿಮ್ಮೂರಲ್ಲಿದ್ದೀಯಾ?"

ನಾನು ಗಡಿಯಾರದ ಮೇಲೆ ಸೆರಗು ಎಳೆದುಕೊಂಡೆ.

"ನಮ್ಮತ್ತೆ ಮಾರವಾಡದಲ್ಲಿದ್ದಾರೆ. ಅಲ್ಲಿ ಬೆಳಗಾಗೋದು ಮೆಡ್ರಾಸಿಗಿಂತ ತಡ. ಅವರ ಸೂರ್ಯ ಬರೋವರೆಗೂ ನಾನು ಹಸ್ಕೊಂಡು ಕೂರ್ಲಾ? ಒಳ್ಳೇ ಚೆನ್ನಾಗಿದೆ! ಬದುಕೆಲ್ಲ ಅತ್ತೆ ಹೇಳಿದ ಹೊತ್ತಿಗೇ ಉಂಡದ್ದು ಸಾಲದಾ?"

ಅವರು ಅಷ್ಟು ಹೇಳಿ ಜಪಸರ ತೆಗೆದುಕೊಂಡರು. ಅವರಿಗೆ ಇನ್ನೂ ಎರಡು ಗಳಿಗೆ ಇತ್ತು. ನನಗೆ ಇದ್ದದ್ದು ನನ್ನ ತೀರ್ಮಾನ ಮಾತ್ರ. ನಾನು ಕಾಯಬಹುದಿತ್ತು. ವಿಮಾನದಲ್ಲಿ ಬೆಲ್ಟ್ ಕಟ್ಟಿಕೊಂಡು, ಗಡಿಯಾರ ಆರೂ ಕಾಲು ತೋರಿಸುವಾಗ ಸೆರಗಿನ ಮರೆಯಲ್ಲಿ ಒಂದು ತುಳಸಿ ಬಾಯಿಗೆ ಹಾಕಿಕೊಂಡಿದ್ದರೆ ಭಾವನವರ ಮಾತೂ ಉಳಿಯುತ್ತಿತ್ತು, ಯಾರ ಬಾಯಿಗೂ ಬೀಳುತ್ತಿರಲಿಲ್ಲ. ಆದರೆ ಕಣ್ಣೆದುರು ಬಂದು ನಿಂತ ಸೂರ್ಯನನ್ನು ನೀನು ಇನ್ನೂ ಹುಟ್ಟಿಲ್ಲ ಎನ್ನಲು ನನಗೆ ಮನಸ್ಸು ಬರಲಿಲ್ಲ. ಹುಟ್ಟಿದಾಗಿನಿಂದ ಅಪ್ಪನ ಹೊತ್ತು, ಅತ್ತೆಯ ಹೊತ್ತು, ಭಾವನ ಹೊತ್ತು. ಇದು ನಾನು ನಿಂತಿರುವ ಜಾಗದ ಹೊತ್ತು.

ಕೈಕಾಲು ತೊಳೆಯಲು ಹೋದರೆ ಅಲ್ಲಿನ ನಲ್ಲಿಗೆ ತಿರುಗಿಸುವ ಕಿವಿಯೇ ಇಲ್ಲ. ಒತ್ತಿದೆ, ಎಳೆದೆ, ದಾರಿ ಕಾಣದೆ ಬೇಡಿಕೊಂಡೆ. ಸುಮ್ಮನೆ ಕೈ ಚಾಚಿದಾಗ ತಾನಾಗಿ ಸುರಿಯಿತು. ಮುಖ ತೊಳೆದುಕೊಂಡು ಬಂದು, ಗಾಜಿನ ಹತ್ತಿರ ಚಪ್ಪಲಿ ಬಿಟ್ಟು, ಜಮಖಾನದ ಮೇಲೆ ನಿಂತು ಸೂರ್ಯನಿಗೆ ಕೈಮುಗಿದೆ. ತುಳಸಿ ಬಾಯಿಗೆ ಹಾಕಿಕೊಂಡೆ. ಗಿಂಡಿಯ ನೀರು ಕುಡಿದೆ. ಗಂಟಲಿನಿಂದ ಎದೆಯವರೆಗೆ ಅದು ಇಳಿದ ದಾರಿ ಇವತ್ತಿಗೂ ನೆನಪಿದೆ. ಆಮೇಲೆ ನೆಲ್ಲಿಕಾಯಿ, ಅರಳು, ಬೆಲ್ಲ. ಸ್ನಾನವಿಲ್ಲ, ಮಡಿಯಿಲ್ಲ, ಹಿಂದೆ ಯಾರೋ ಕಾಫಿ ಕುಡಿಯುತ್ತಿದ್ದರು. ಶಾಸ್ತ್ರ ಬಲ್ಲವರು ಇದಕ್ಕೆ ಏನೆನ್ನುತ್ತಾರೋ ನನಗೆ ಗೊತ್ತಿಲ್ಲ, ನಾನು ಕೇಳಿಕೊಂಡೂ ಇಲ್ಲ.

ಒಸಾಕಾದಲ್ಲಿ ಇಳಿದಾಗ ಅಲ್ಲಿ ಸಂಜೆ ಇಳಿಬಿಸಿಲು, ನನ್ನ ಕೈಗಡಿಯಾರದಲ್ಲಿ ಇನ್ನೂ ಮಟಮಟ ಮಧ್ಯಾಹ್ನ. ಅಳಿಯಂದಿರು ನನ್ನ ಗಂಟನ್ನು ಎತ್ತಿಕೊಂಡು "ಕಷ್ಟ ಆಯ್ತಾ ಅತ್ತೆ?" ಎಂದರು. ಇಲ್ಲ ಎಂದೆ. ಮನೆಗೆ ಹೋದರೆ ನಿಮ್ಮ ಅಮ್ಮ ನೆಲದ ಮೇಲಿನ ಹಾಸಿಗೆಯಲ್ಲಿ ಎಡಕ್ಕೆ ತಿರುಗಿ ಮಲಗಿದ್ದಳು. ಏಳಬೇಡ ಎಂದರೂ ಎದ್ದಳು. "ಊಟ ಮಾಡಿದ್ಯಾ? ಇವತ್ತು ದ್ವಾದಶಿ ಅಲ್ವಾ?" ಎಂದು ಮೊದಲು ಅದನ್ನೇ ಕೇಳಿದಳು. ನನಗೆ ಅಳು ಬಂತು, ಅಡುಗೆಮನೆ ಎಲ್ಲಿ ಎಂದು ಕೇಳಿ ಆ ಕಡೆ ಹೋದೆ.

ಆ ವಾರದಲ್ಲೇ ನೋವು ಶುರುವಾಯಿತು. ಡಾಕ್ಟರು ಹೇಳಿದ್ದಕ್ಕಿಂತ ಮೊದಲೇ. ಅಳಿಯಂದಿರು ಕಾರ್ಖಾನೆಯಿಂದ ಬರುವಷ್ಟರಲ್ಲಿ ನಾನೂ ಅವಳೂ ಟ್ಯಾಕ್ಸಿಯಲ್ಲಿ ಆಸ್ಪತ್ರೆ ಸೇರಿದ್ದೆವು. ಅವಳ ತಲೆ ನನ್ನ ತೊಡೆಯ ಮೇಲಿತ್ತು. ನರ್ಸು ನನ್ನನ್ನು ಹೊರಗೆ ಕೂರಲು ಸನ್ನೆ ಮಾಡಿದಳು. ನಾನು ಕೂರಲಿಲ್ಲ. ಅವಳು ಇನ್ನೊಮ್ಮೆ ಸನ್ನೆ ಮಾಡಿದಳು. ನಾನು ಮಗಳ ಕೈ ಬಿಡಲಿಲ್ಲ. ಕೊನೆಗೆ ನನಗೂ ಒಂದು ಹಸಿರು ಅಂಗಿ ತಂದುಕೊಟ್ಟಳು. ಭಾವ ಹೇಳಿದ್ದ ಹತ್ತು ದಿನ ಕಾದಿದ್ದರೆ ನಾನು ಬರುವ ಹೊತ್ತಿಗೆ, ದೊಡ್ಡವಳೇ, ನೀನು ಆಗಲೇ ಭೂಮಿಯ ಮೇಲೆ ಕಣ್ಣು ಬಿಟ್ಟು ನೋಡುತ್ತಿದ್ದೆ.

ಹೆರಿಗೆಯ ಹತ್ತು ದಿನದ ಪುರುಡು ಕಳೆದ ಮೇಲಿನ ಭಾನುವಾರ ಚೆನ್ನೈಯಿಂದ ಫೋನು ಬಂತು. ನಾನು ನಿನಗೆ ಎಣ್ಣೆ ಹಚ್ಚಿ ಮುಗಿಸಿದ್ದೆ, ನೀರು ಕಾಯಿಸಿ ಹದ ಮಾಡಿಟ್ಟಿದ್ದೆ. ಅಳಿಯಂದಿರು ಫೋನು ನನ್ನ ಕಿವಿಗೆ ಹಿಡಿದರು. ಭಾವನವರ ದನಿ. ನಡುವೆ ಅಕ್ಕನಿಲ್ಲದೆ ಅವರು ನನ್ನ ಜೊತೆ ನೇರವಾಗಿ ಮಾತಾಡಿದ್ದು ಅದೇ ಮೊದಲು.

"ಮಗು ಆರೋಗ್ಯವಾ?"

"ಹೌದು ಭಾವ."

"ಸಂತೋಷ. ಅವತ್ತು ಪಾರಣೆ ಎಷ್ಟು ಹೊತ್ತಿಗೆ ಮಾಡಿದೆ?"

"ಸೂರ್ಯ ಹುಟ್ಟಿದ ಮೇಲೆ."

"ಎಷ್ಟು ಹೊತ್ತಿಗೆ ಅಂತ ಕೇಳ್ದೆ."

"ನಮ್ಮ ಗಡಿಯಾರದಲ್ಲಿ ನಾಲ್ಕೂವರೆ ಆಗಿರ್ಲಿಲ್ಲ."

"ನಾಲ್ಕೂವರೆ! ಆ ಹೊತ್ತಿಗೆ ನನ್ನ ಸ್ನಾನಾನೇ ಆಗಿರ್ಲಿಲ್ಲವಲ್ಲಮ್ಮಾ!"

"ಅದಕ್ಕೆ ನಾನೇನು ಮಾಡ್ಲಿ ಭಾವ? ಅಲ್ಲಿ ಬೆಳಕಾಗಿತ್ತು."

ಹಿಂದಿನಿಂದ ಅಕ್ಕ ನಕ್ಕದ್ದು ಕೇಳಿಸಿತು. ಭಾವ ಅವಳನ್ನು ಗದರಿದರು. "ಪಂಚಾಂಗ ಅಂದ್ರೆ ಆಟ ಅಲ್ಲ. ಬಂದ ಮೇಲೆ ಆಚಾರ್ಯರನ್ನ ಕರೆಸ್ತೀನಿ. ಪ್ರಾಯಶ್ಚಿತ್ತ ಮಾಡ್ಕೊಂಡು ಆಮೇಲೆ ಒಳಗೆ ಬಾ."

"ಮಾಡ್ಕೊಳ್ಳಲ್ಲ" ಎಂದೆ.

"ಏನಂದೆ?"

ಕೇಳಿಸಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ, ಸ್ವಲ್ಪ ಗಟ್ಟಿಯಾಗಿ. "ಮಾಡ್ಕೊಳ್ಳಲ್ಲ ಭಾವ. ತಪ್ಪು ಮಾಡಿಲ್ಲ. ಮಗೂಗೆ ಹಾಕೋ ನೀರು ಆರ್ತಿದೆ, ಇಡ್ತೀನಿ."

ಅಳಿಯಂದಿರು ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಫೋನು ಇಡಿ ಎಂದು ಕಣ್ಣಿನಲ್ಲೇ ಹೇಳಿದೆ. ಇಟ್ಟರು.

ಆ ಮನೆಯ ಬಚ್ಚಲು ಒಂದು ಕಪಾಟಿನಷ್ಟು. ಬಾಗಿಲು ತೆರೆದಿಟ್ಟು, ಹೊರಗೆ ಕೂತು ಕಾಲನ್ನು ಬಚ್ಚಲೊಳಗೆ ಚಾಚಿ, ನಿನ್ನನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡೆ. ಮೊದಲ ಚೊಂಬು ಬಿದ್ದದ್ದೇ ತಡ, ನೀನು ಮಾಳಿಗೆ ಹಾರಿಹೋಗುವಂತೆ ಕಿರುಚಿದೆ. ಎದುರು ಮನೆಯ ಜಪಾನಿ ಹೆಂಗಸು ಓಡಿಬಂದು ಕದ ತಟ್ಟಿದಳು. ಒಳಗೆ ಬಂದು ನೋಡಿ, ಎರಡು ಕೈಗಳಿಂದಲೂ ಬೇಡ ಬೇಡ ಎಂದು ಸನ್ನೆ ಮಾಡಿದಳು. ನಾನು ಅವಳಿಗೆ ಪಕ್ಕದ ಮಣೆ ತೋರಿಸಿ ಕೂತುಕೋ ಎಂದು ಕೈಸನ್ನೆ ಮಾಡಿದೆ. ಅವಳು ಕೂತಳು. ನಾನು ಹಂಡೆಯಲ್ಲಿದ್ದ ನೀರನ್ನೆಲ್ಲ ಒಂದೊಂದೇ ಚೊಂಬಾಗಿ ನಿನ್ನ ಬೆನ್ನಿಗೆ ಹೊಯ್ದೆ.